ಕುಂಬಾರ ಹುಳದ ಮಡಕೆ ಮತ್ತು ನನ್ನ ಇಬ್ಬರು ಮಕ್ಕಳು

ನಮ್ಮ ಮನೆ ಇರುವುದು ದಾವಣಗೆರೆಯಲ್ಲಿ, ಕುಂದವಾಡ ಕೆರೆಯ ಕಡೆ. 30-40ರ ಸೈಟು. ಮನೆ ಕಟ್ಟಿ ಉಳಿದದ್ದು ಹಿಂದೆ 10 ಅಡಿ ಹಿತ್ತಿಲು, ಅಷ್ಟೇ. ಅಲ್ಲಿ ಒಂದು ಕರಿಬೇವು, ಒಂದು ನಿಂಬೆ, ದಾಸವಾಳ, ನುಗ್ಗೆ, ಪಾತ್ರೆ ತೊಳೆದ ನೀರು ಹೋಗುವ ಕಡೆ ಎರಡು ಬಾಳೆ, ಕಾಂಪೌಂಡಿನ ಮೂಲೆಯಲ್ಲಿ ಯಾರೂ ನೆಡದೆ ತಾನಾಗೇ ಬಂದ ಎಕ್ಕ. ನೆಲ ಎರೆಮಣ್ಣು. ಬೇಸಿಗೆಯಲ್ಲಿ ಬೆರಳು ತೂರುವಷ್ಟು ಬಿರುಕು ಬಿಡುತ್ತದೆ, ಮಳೆ ಬಂದರೆ ಚಪ್ಪಲಿ ಬಿಡುವುದಿಲ್ಲ. ಇಷ್ಟು ಜಾಗದಲ್ಲಿ ನೋಡೋಕೆ ಏನಿರುತ್ತದೆ ಅಂತ ನನಗೂ ಮೊದಲು ಅನಿಸಿತ್ತು. ಮೂರು ವರ್ಷ ಸುಮ್ನೆ ಕೂತು ನೋಡಿದ ಮೇಲೆ ಗೊತ್ತಾಯಿತು, ಮನೆಯೊಳಗೆ ನಮ್ಮದು ಒಂದು ಸಂಸಾರವಾದರೆ ಹಿತ್ತಿಲಲ್ಲಿ ಎಷ್ಟೋ ಸಂಸಾರಗಳಿವೆ.

ನನಗೆ ಇಬ್ಬರು ಮಕ್ಕಳು. ಮಗಳು ಈಗ ಆರನೇ ಕ್ಲಾಸು, ಮಗ ಎರಡನೇ ಕ್ಲಾಸು. ಮನೆಯವರಿಗೆ ಮಂಡಿಪೇಟೆಯಲ್ಲಿ ಕಾಳು-ಬೇಳೆ ಅಂಗಡಿ. ಅತ್ತೆ ಜಗಳೂರು ತಾಲ್ಲೂಕಿನ ಹಳ್ಳಿಯವರು, ನಮ್ಮ ಜೊತೆಗೇ ಇದ್ದಾರೆ. ನಾನು ಬಿ.ಎಸ್ಸಿ. ಮಾಡಿದವಳು, ಮುಂದೆ ಓದುವುದಕ್ಕೆ ಆಗಲಿಲ್ಲ. ಚಿಕ್ಕಂದಿನಲ್ಲಿ ಭರತನಾಟ್ಯ ಕಲಿಯಬೇಕು ಅಂತ ಬಹಳ ಆಸೆ ಇತ್ತು, ಅಪ್ಪ ಕಳಿಸಲಿಲ್ಲ. ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ ಅನ್ನುವುದು ಮುಂದೆ ಗೊತ್ತಾಗುತ್ತದೆ.

2022ರ ಏಪ್ರಿಲ್. ಬೇಸಿಗೆ ರಜೆ. ಮಧ್ಯಾಹ್ನ ಪಾತ್ರೆ ತೊಳೆಯುತ್ತಿದ್ದೆ. ಮಗಳು ಹಿತ್ತಿಲಿನಿಂದ ಓಡಿ ಬಂದಳು. "ಅಮ್ಮಾ, ಹಕ್ಕಿ ಮರಿ ಬಿದ್ದೈತೆ, ಬೇಗ ಬಾ." ದಾಸವಾಳದ ಬುಡದಲ್ಲಿ ಪಿಕಳಾರದ ಮರಿ. ಮೈತುಂಬ ಪುಕ್ಕ ಬಂದಿತ್ತು, ಬಾಲ ಮಾತ್ರ ಮೊಂಡು. ಕುಪ್ಪಳಿಸುತ್ತಿತ್ತು, ಹಾರುವುದಕ್ಕೆ ಆಗುತ್ತಿರಲಿಲ್ಲ. ಮೇಲೆ ಬಟ್ಟೆ ತಂತಿಯ ಮೇಲೆ ಎರಡು ದೊಡ್ಡ ಹಕ್ಕಿಗಳು ಒಂದೇ ಸಮನೆ ಕೂಗುತ್ತಿದ್ದವು. ಬೆಕ್ಕು ಹಿಡಿಯುತ್ತದೆ, ಬಿಸಿಲಿಗೆ ಸಾಯುತ್ತದೆ ಅಂತ ನಾನು ಅದನ್ನು ಎತ್ತಿ ಒಳಗೆ ತಂದೆ. ಚಪ್ಪಲಿ ಡಬ್ಬಿಯಲ್ಲಿ ಹತ್ತಿ ಹಾಸಿದೆವು. ಔಷಧಿ ಹಾಕುವ ಡ್ರಾಪರಿನಿಂದ ಕೊಕ್ಕು ಬಿಡಿಸಿ ನೀರು ಹಾಕಿದೆ. ಅನ್ನದ ಅಗುಳು ಇಟ್ಟೆ. ಮಗಳು ರಾತ್ರಿ ಡಬ್ಬಿಯ ಪಕ್ಕದಲ್ಲೇ ಮಲಗಿದಳು. ಬೆಳಗ್ಗೆ ಎದ್ದು ನೋಡಿದರೆ ಮರಿ ಸತ್ತಿತ್ತು. ಅವಳು ಆವತ್ತು ಮಧ್ಯಾಹ್ನದವರೆಗೂ ಏನೂ ತಿನ್ನಲಿಲ್ಲ. ನಾನೂ ತಿನ್ನಲಿಲ್ಲ.

ಕುಂದವಾಡ ಕೆರೆ ಏರಿಯ ಮೇಲೆ ನಾನು ಬೆಳಗ್ಗೆ ವಾಕಿಂಗ್ ಹೋಗುತ್ತೇನೆ. ಅಲ್ಲಿ ಬೈನಾಕ್ಯುಲರ್ ಕೊರಳಿಗೆ ಹಾಕಿಕೊಂಡು ಹಕ್ಕಿ ನೋಡುವ ಒಬ್ಬ ರಿಟೈರ್ಡ್ ಮೇಷ್ಟ್ರು ಸಿಗುತ್ತಾರೆ. ನಡೆದದ್ದನ್ನು ಅವರಿಗೆ ಹೇಳಿದೆ. ಅವರು ಬೈಯಲಿಲ್ಲ. "ಅದು ಬಿದ್ದಿದ್ದಲ್ಲ ಕಣಮ್ಮ, ಹೊರಟಿದ್ದು" ಅಂದರು.

ಆಮೇಲೆ ಅವರು ಬಿಡಿಸಿ ಹೇಳಿದರು. ಪಿಕಳಾರದ ಮರಿ ಮೊಟ್ಟೆಯೊಡೆದು ಸುಮಾರು 12 ದಿನಕ್ಕೆಲ್ಲ ಗೂಡು ಬಿಡುತ್ತದೆ. ಆಗ ಅದಕ್ಕೆ ಸರಿಯಾಗಿ ಹಾರಲು ಬರುವುದಿಲ್ಲ. ಕೆಲವು ದಿನ ಪೊದೆಯಲ್ಲಿ, ನೆಲದ ಮೇಲೆ ಕುಪ್ಪಳಿಸಿಕೊಂಡು ಇರುತ್ತದೆ, ಅಪ್ಪ ಅಮ್ಮ ಎರಡೂ ಅಲ್ಲೇ ಹುಡುಕಿಕೊಂಡು ಬಂದು ಹುಳ ತಿನ್ನಿಸುತ್ತವೆ. ಆ ದಿನಗಳಲ್ಲೇ ಅದು ಹಾರುವುದನ್ನು, ಅಡಗುವುದನ್ನು, ತಾನೇ ಹುಳ ಹಿಡಿಯುವುದನ್ನು ಕಲಿಯುವುದು. ಪುಕ್ಕ ಬಂದ ಮರಿ ನೆಲದಲ್ಲಿ ಕಂಡರೆ ಎತ್ತಬಾರದು. ಬೆಕ್ಕು ಓಡಾಡುವ ಜಾಗವಾದರೆ ಮೆಲ್ಲಗೆ ಎತ್ತಿ ಹತ್ತಿರದ ಪೊದೆಯೊಳಗೆ ಬಿಟ್ಟು ದೂರ ಬರಬೇಕು, ಅಷ್ಟೇ. ಇನ್ನೂ ಪುಕ್ಕ ಬಾರದ, ಕೆಂಪಗೆ ಬರಿಮೈ ಇರುವ ಮರಿಯಾದರೆ ಮಾತ್ರ ಅದು ನಿಜವಾಗಿ ಬಿದ್ದದ್ದು. ಅದನ್ನು ವಾಪಸ್ ಗೂಡಿಗೆ ಇಡಬೇಕು. ಮನುಷ್ಯ ಮುಟ್ಟಿದರೆ ತಾಯಿ ಹತ್ತಿರ ಸೇರಿಸುವುದಿಲ್ಲ ಅನ್ನುವುದು ಸುಳ್ಳು. ಬಾಯಿಗೆ ನೀರಂತೂ ಹಾಕಲೇಬಾರದು, ಉಸಿರಿನ ನಾಳಕ್ಕೆ ಹೋಗಿ ಸಾಯುತ್ತದೆ.

ತಂತಿಯ ಮೇಲೆ ಕೂತು ಕೂಗುತ್ತಿದ್ದ ಆ ಎರಡು ಹಕ್ಕಿ ಕಣ್ಣಿಗೆ ಕಟ್ಟಿದವು. ಅವು ಅಳುತ್ತಿವೆ ಅಂದುಕೊಂಡಿದ್ದೆ. ಅವು ಮರಿಯನ್ನು ಬಿಡು ಅಂತ ನನ್ನನ್ನು ಓಡಿಸಲು ನೋಡುತ್ತಿದ್ದವು.

ಆಗ ಮಗಳು ಮೂರನೇ ಕ್ಲಾಸು. ಅವಳ ಬ್ಯಾಗು ನಾನೇ ಹೊರುತ್ತಿದ್ದೆ. ಹೋಂವರ್ಕ್ ತಪ್ಪಿದರೆ ಅಳಿಸಿ ನಾನೇ ಬರೆಯುತ್ತಿದ್ದೆ. ಯಾರಾದರೂ "ನಿನ್ನ ಹೆಸರೇನು ಪುಟ್ಟಿ" ಅಂತ ಕೇಳಿದರೆ ಅವಳು ಬಾಯಿ ತೆರೆಯುವ ಮೊದಲೇ ನಾನು ಹೇಳಿಬಿಡುತ್ತಿದ್ದೆ. "ಅವಳಿಗೆ ನಾಚಿಕೆ ಜಾಸ್ತಿ" ಅಂತ ಅವಳ ಎದುರೇ ಎಲ್ಲರಿಗೂ ಹೇಳಿಕೊಂಡು ಓಡಾಡುತ್ತಿದ್ದೆ. ಮೇಷ್ಟ್ರ ಮಾತು ಕೇಳಿ ಮನೆಗೆ ಬರುವ ದಾರಿಯಲ್ಲೇ ಒಂದು ತೀರ್ಮಾನ ಮಾಡಿದೆ. ಅವಳನ್ನು ಯಾರಾದರೂ ಏನಾದರೂ ಕೇಳಿದರೆ ನಾನು ಮನಸ್ಸಿನಲ್ಲೇ ಹತ್ತು ಎಣಿಸುವುದು. ಮೊದಮೊದಲು ಬಹಳ ಕಷ್ಟವಾಯಿತು, ಎದುರಿನವರು ನನ್ನ ಮುಖ ನೋಡುತ್ತಿದ್ದರು, ಮಗಳು ನನ್ನ ಸೆರಗು ಹಿಡಿದು ಹಿಂದೆ ಹೋಗುತ್ತಿದ್ದಳು, ನನ್ನ ನಾಲಿಗೆ ತುದಿಗೆ ಉತ್ತರ ಬಂದು ನಿಂತಿರುತ್ತಿತ್ತು. ಸುಮಾರು ಎರಡು ತಿಂಗಳಾದ ಮೇಲೆ ಬೀದಿಯ ತರಕಾರಿ ಗಾಡಿಯವನಿಗೆ ಅವಳೇ ಹೆಸರು ಹೇಳಿದಳು. ನಾನು ಎಂಟರವರೆಗೆ ಎಣಿಸಿದ್ದೆ.

ಈಗ ಕುಂಬಾರ ಹುಳದ ವಿಷಯಕ್ಕೆ ಬರುತ್ತೇನೆ. ನನಗೆ ಇದೇ ಮುಖ್ಯ.

ನಮ್ಮ ರೂಮಿನ ಕಿಟಕಿಯ ಮರದ ಚೌಕಟ್ಟಿಗೆ ಒಂದು ಕಣಜ ಮಣ್ಣಿನ ಗೂಡು ಕಟ್ಟಿತ್ತು. ಪುಟ್ಟ ಮಡಕೆ ಹಾಗೇ, ಗುಂಡಗೆ, ಬಾಯಿಗೆ ಕಂಠವೂ ಇತ್ತು. ನೀವೆಲ್ಲರೂ ನೋಡಿರುತ್ತೀರಿ. ನಾನು ಪೊರಕೆ ತೆಗೆದುಕೊಂಡು ಹೋದೆ. ಅತ್ತೆ ತಡೆದರು. "ಅದನ್ನ ಒಡಿಬ್ಯಾಡ ಕಣವ್ವ. ಮನೆಯಾಗೆ ಕುಂಬಾರ ಹುಳ ಗೂಡು ಕಟ್ಟಿದ್ರೆ ತೊಟ್ಟಿಲು ತೂಗ್ತೈತೆ ಅಂತಾರೆ." ಆಮೇಲೆ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಇನ್ನೂ ಒಂದು ಮಾತು ಹೇಳಿದರು. ಆ ಹುಳ ಎಲ್ಲಿಂದಲೋ ಒಂದು ಹಸಿರು ಹುಳ ತಂದು ಒಳಗಿಟ್ಟು, ಸುತ್ತ ಗುಂಯ್ ಗುಂಯ್ ಅಂತ ಹಾಡಿ ಹಾಡಿ, ಅದನ್ನು ತನ್ನ ಹಾಗೇ ಮಾಡಿಕೊಳ್ಳುತ್ತದಂತೆ. ಇದು ಅತ್ತೆಯ ಮಾತು ಮಾತ್ರ ಅಲ್ಲ. ಕೀಟ-ಭ್ರಮರ ನ್ಯಾಯ ಅಂತ ಇದಕ್ಕೆ ಹೆಸರೇ ಇದೆ, ವಚನಗಳಲ್ಲೂ ಈ ಹೋಲಿಕೆ ಬರುತ್ತದೆ. ಗುರು ಶಿಷ್ಯನನ್ನು ತನ್ನಂತೆ ಮಾಡುತ್ತಾನೆ ಅನ್ನುವುದಕ್ಕೆ ಹಿರಿಯರು ಹೇಳುತ್ತಿದ್ದ ಮಾತು. ಭಕ್ತಿಯ ಮಾತಾಗಿ ಅದು ನನಗೂ ಇಷ್ಟ. ಆದರೆ ನಾವು ಅದನ್ನು ಮಕ್ಕಳ ವಿಷಯಕ್ಕೂ ತರುತ್ತೇವೆ ಅಲ್ವಾ? ಹೇಳುತ್ತಾ ಹೇಳುತ್ತಾ ಇದ್ದರೆ ಮಗು ನಮ್ಮ ಹಾಗೆ ಆಗುತ್ತದೆ ಅಂತ. ಇನ್ನೊಂದು ಕಡೆಯಿಂದ "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ" ಅನ್ನುವುದೂ ಇದೆ. ನಾನು ಈ ಎರಡೂ ಮಾತನ್ನು ನಂಬಿಕೊಂಡೇ ಮಗಳನ್ನು ಭರತನಾಟ್ಯದ ಕ್ಲಾಸಿಗೆ ಸೇರಿಸಿದ್ದೆ. ವಾರಕ್ಕೆ ಎರಡು ದಿನ, ಬುಧವಾರ ಮತ್ತು ಶನಿವಾರ. ಎರಡು ವರ್ಷ. ಬುಧವಾರ ಬಂತೆಂದರೆ ಅವಳಿಗೆ ಹೊಟ್ಟೆನೋವು.

2023ರ ಯುಗಾದಿಗೆ ಮನೆಗೆ ಬಣ್ಣ ಹೊಡೆಸಿದೆವು. ಬಣ್ಣದವನು ಕಿಟಕಿ ಉಜ್ಜುವಾಗ ಗೊತ್ತಿಲ್ಲದೆ ಒಂದು ಮಡಕೆ ಒಡೆದುಬಿಟ್ಟ. ಅತ್ತೆಗೆ ಬೇಜಾರಾಯಿತು. ಮಗಳು ಒಂದು ಪೇಪರ್ ಹಾಸಿ ಚೂರುಗಳನ್ನೆಲ್ಲ ಎತ್ತಿಟ್ಟಳು. ಒಳಗೆ ಏಳು ಹಸಿರು ಹುಳ ಇದ್ದವು. ಸತ್ತಿರಲಿಲ್ಲ. ಕಡ್ಡಿ ತಾಗಿಸಿದರೆ ಒಂಚೂರು ಮಿಸುಕುತ್ತಿದ್ದವು, ನಡೆಯುವ ಶಕ್ತಿ ಇರಲಿಲ್ಲ. ಅವುಗಳ ನಡುವೆ ಕಾಲಿಲ್ಲದ, ಹಳದಿ ಬಣ್ಣದ, ದಪ್ಪನೆಯ ಇನ್ನೊಂದು ಮರಿ ಇತ್ತು. ಅದು ಒಂದು ಹಸಿರು ಹುಳವನ್ನು ತಿನ್ನುತ್ತಿತ್ತು.

ಕಾಲೇಜಿನಲ್ಲಿ ಓದಿದ್ದು ಆಗ ನೆನಪಾಯಿತು. ತಾಯಿ ಕಣಜ ಮಣ್ಣು ತಂದು ಮಡಕೆ ಕಟ್ಟುತ್ತದೆ. ಒಳಗೆ ಮೇಲಿನಿಂದ ಒಂದು ಎಳೆಗೆ ಮೊಟ್ಟೆಯನ್ನು ತೂಗುಬಿಡುತ್ತದೆ. ಆಮೇಲೆ ಹಸಿರು ಹುಳಗಳನ್ನು ಹುಡುಕಿ, ಕುಟುಕಿ, ಮೈ ಮರಗಟ್ಟುವಂತೆ ಮಾಡಿ ತಂದು ತುಂಬುತ್ತದೆ. ಕೊಂದರೆ ಕೊಳೆಯುತ್ತವೆ, ಹೀಗೆ ಮಾಡಿದರೆ ಮರಿಗೆ ತಾಜಾ ಊಟ. ಸಾಕಷ್ಟು ತುಂಬಿದ ಮೇಲೆ ಬಾಯಿ ಮುಚ್ಚಿ ಹೊರಟುಹೋಗುತ್ತದೆ. ಒಳಗೆ ಮೊಟ್ಟೆಯೊಡೆದು ಬಂದ ಮರಿ ತಿಂದು, ಬೆಳೆದು, ಕೋಶ ಕಟ್ಟಿ, ಕೊನೆಗೆ ಗೋಡೆ ಕೊರೆದು ತಾನೇ ಹೊರಗೆ ಬರುತ್ತದೆ. ತಾಯಿ ತನ್ನ ಮಗುವಿನ ಮುಖ ನೋಡುವುದೇ ಇಲ್ಲ. (ಗೋಡೆಗೆ ಕೊಳವೆ ಕೊಳವೆಯಾಗಿ ಮಣ್ಣು ಮೆತ್ತುವ ಇನ್ನೊಂದು ಕಣಜವಿದೆ. ಅದು ಹಸಿರು ಹುಳದ ಬದಲು ಜೇಡಗಳನ್ನು ತುಂಬುತ್ತದೆ. ನಮ್ಮ ಬಚ್ಚಲ ಗೋಡೆಯಲ್ಲಿ ಅದೂ ಇದೆ.)

ಮಗಳು ಬಹಳ ಹೊತ್ತು ಬಗ್ಗಿ ನೋಡಿದಳು.

"ಹಾಗಾದ್ರೆ ಈ ಹಸಿರು ಹುಳ ಕಣಜ ಆಗಲ್ವಾ ಅಮ್ಮಾ?"

"ಇಲ್ಲ."

"ಎಷ್ಟು ಹಾಡಿದ್ರೂ?"

"ಎಷ್ಟು ಹಾಡಿದ್ರೂ."

"ಮತ್ತೆ ಇವು ಅವುಗಳ ಮನೇಲೇ ಇದ್ದಿದ್ರೆ ಏನಾಗ್ತಿದ್ವು?"

ಪತಂಗ ಆಗುತ್ತಿದ್ದವು ಅಂದೆ. ಹೇಳಿ ಮುಗಿಸುವಷ್ಟರಲ್ಲಿ ನನ್ನ ಗಂಟಲು ಕಟ್ಟಿತು. ಅವಳು ಕೇಳಿದ್ದು ಹುಳದ ವಿಷಯ. ನನಗೆ ಕಂಡದ್ದು ಬುಧವಾರದ ಹೊಟ್ಟೆನೋವು. ಎರಡು ವರ್ಷ ನಾನು ಅವಳ ಸುತ್ತ ಹಾಡಿದ್ದೆ.

ಮಾರನೇ ದಿನವೇ ಕ್ಲಾಸು ಬಿಡಿಸಿದೆ ಅಂತ ಹೇಳಿದರೆ ಸುಳ್ಳಾಗುತ್ತದೆ. ಮೂರು ವಾರ ಒದ್ದಾಡಿದೆ. ಕಟ್ಟಿದ ಫೀಸು, ಹೊಲಿಸಿದ ಡ್ರೆಸ್ಸು, ನೆಂಟರಿಗೆಲ್ಲ ಹೇಳಿಕೊಂಡದ್ದು. ಒಂದು ಶನಿವಾರ ಅವಳನ್ನೇ ಕೇಳಿದೆ. "ನಿನಗೆ ಡಾನ್ಸ್ ಇಷ್ಟಾನಾ?" ಅವಳು ತಲೆ ಬಗ್ಗಿಸಿ, "ನಿನಗೆ ಇಷ್ಟ ಅಲ್ವಾ ಅಮ್ಮಾ" ಅಂದಳು. ಆವತ್ತಿನಿಂದ ಬಿಟ್ಟೆವು.

ಅವಳಿಗೆ ಏನು ಇಷ್ಟ ಅಂತ ತಿಳಿಯುವುದಕ್ಕೂ ಆ ಕಿಟಕಿಯೇ ಸಹಾಯ ಮಾಡಿತು. ಅದೇ ಏಪ್ರಿಲಿನಲ್ಲಿ ಕಣಜ ಮತ್ತೆ ಅಲ್ಲೇ ಮಡಕೆ ಕಟ್ಟಲು ಶುರು ಮಾಡಿತು. ಮಗಳು ಅಂಗಡಿಯ ಹಳೇ ಲೆಕ್ಕದ ಪುಸ್ತಕ ಒಂದನ್ನು ತೆಗೆದುಕೊಂಡು, ಗಡಿಯಾರ ಮುಂದಿಟ್ಟುಕೊಂಡು ಕೂತಳು. ಬೆಳಗ್ಗೆ 10ರಿಂದ ಮಧ್ಯಾಹ್ನ 1 ಗಂಟೆಯವರೆಗೆ 26 ಸಲ ಮಣ್ಣು ತಂದಿದೆ ಅಂತ ಬರೆದಳು, ಪ್ರತಿ ಸಲದ ಟೈಮಿನ ಜೊತೆ. ಬಾಳೆ ಬುಡದ ಹಸಿ ಮಣ್ಣಿನಿಂದ ಉಂಡೆ ಮಾಡಿಕೊಂಡು ಬರುತ್ತದೆ ಅನ್ನುವುದನ್ನೂ ಅವಳೇ ಹಿಂಬಾಲಿಸಿ ಕಂಡುಹಿಡಿದಳು. ಎರಡು ವರ್ಷದಲ್ಲಿ ಡಾನ್ಸಿನ ಕ್ಲಾಸಿನಲ್ಲಿ ಹತ್ತು ನಿಮಿಷ ನಿಲ್ಲಲಾಗದ ಹುಡುಗಿ ಮೂರು ಗಂಟೆ ಅಲ್ಲಾಡದೆ ಕೂತಿದ್ದಳು. ಅವಳಿಗೆ ಎಣಿಸುವುದು, ಬರೆದಿಡುವುದು, ಒಂದಕ್ಕೊಂದು ತಾಳೆ ನೋಡುವುದು ಅಂದರೆ ಪ್ರಾಣ. ಅವಳ ಅಪ್ಪನೂ ಹಾಗೇ. ಈಗ ಭಾನುವಾರ ಅಪ್ಪನ ಜೊತೆ ಮಂಡಿಪೇಟೆಗೆ ಹೋಗಿ ತೊಗರಿಬೇಳೆ ಮೂಟೆ ಎಣಿಸಿ ಬರೆದುಕೊಳ್ಳುತ್ತಾಳೆ. ನಾನು ಇದನ್ನು ಅವಳಿಗೆ ಕಲಿಸಲಿಲ್ಲ.

ಕೋಗಿಲೆಯದೂ ಇದೇ ಕಥೆ ಅಂತ ಅನಿಸುತ್ತದೆ. ಪಕ್ಕದ ಮನೆಯ ಬೇವಿನ ಮರದಲ್ಲಿ ಕಾಗೆ ಗೂಡು ಕಟ್ಟುತ್ತದೆ, ಕೋಗಿಲೆ ಅದರಲ್ಲಿ ಮೊಟ್ಟೆ ಇಟ್ಟು ಹೋಗುತ್ತದೆ. ಕಾಗೆ ತನ್ನ ಕೊಕ್ಕಿನಿಂದಲೇ ತುತ್ತು ಕೊಟ್ಟು ಸಾಕುತ್ತದೆ. ಕಾಗೆಯ ಅನ್ನ ತಿಂದು, ಕಾಗೆಯ ಕೂಗು ಕೇಳಿಕೊಂಡೇ ಬೆಳೆದರೂ ಆ ಮರಿ ದೊಡ್ಡದಾಗಿ ಕೂಗುವುದು ಕುಹೂ ಅಂತಲೇ. ಹಾಗಂತ ಕಾಗೆ ಹಾಕಿದ ಅನ್ನ ವ್ಯರ್ಥವಾಯಿತೇ? ಅದಿಲ್ಲದಿದ್ದರೆ ಕೋಗಿಲೆಯೇ ಇರುತ್ತಿರಲಿಲ್ಲ.

ಮಗನದು ಬೇರೆ ಕಥೆ. ಅವನದು ಕರಿಬೇವಿನ ಗಿಡ.

ಮೊದಲು ಕರಿಬೇವಿಗೆ ಹುಳ ಬಿದ್ದರೆ ನಾನು ಕಡ್ಡಿಯಿಂದ ಕೆಡವಿ ಚಪ್ಪಲಿಯಲ್ಲಿ ಒರೆಸಿಬಿಡುತ್ತಿದ್ದೆ. ಒಗ್ಗರಣೆಗೆ ಎಲೆ ಬೇಕಲ್ಲ. ಆಮೇಲೆ ಎರಡನೇ ಗಿಡ ನೆಟ್ಟೆ. ಒಂದು ನಮಗೆ, ಒಂದು ಹುಳಕ್ಕೆ. ಇದು ಬಹಳ ಸುಲಭದ ಉಪಾಯ, ಜಾಗ ಇರುವವರೆಲ್ಲ ಮಾಡಬಹುದು. ನಿಂಬೆ ಚಿಟ್ಟೆ ಚಿಗುರೆಲೆಯ ಮೇಲೆ ಸಾಸಿವೆಗಿಂತ ಸಣ್ಣ, ತಿಳಿ ಹಳದಿ ಮೊಟ್ಟೆ ಇಡುತ್ತದೆ. ಮರಿಹುಳ ಮೊದಲು ಕಂದು-ಬಿಳಿ, ಥೇಟ್ ಹಕ್ಕಿ ಹಿಕ್ಕೆಯ ಹಾಗೆ. ಯಾವ ಹಕ್ಕಿಯೂ ಅದನ್ನು ಮುಟ್ಟಬಾರದು ಅಂತ ಆ ವೇಷ. ನಾಲ್ಕು ಸಲ ಪೊರೆ ಬಿಟ್ಟ ಮೇಲೆ ಹಸಿರಾಗುತ್ತದೆ. ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪು ಕೊಂಬು ಹೊರಗೆ ಬಂದು ಗಬ್ಬು ವಾಸನೆ ಬರುತ್ತದೆ. ಮಗ ಆ ಕೊಂಬು ನೋಡಲೆಂದೇ ದಿನಕ್ಕೆ ಹತ್ತು ಸಲ ಮುಟ್ಟುತ್ತಿದ್ದ. ಹಾಗೆ ಮಾಡಿದರೆ ಅದಕ್ಕೆ ಸುಸ್ತಾಗುತ್ತದೆ, ದಿನಕ್ಕೆ ಒಂದೇ ಸಲ ಅಂತ ಮಾತಾಯಿತು.

ಕಳೆದ ವರ್ಷ ಅವನು ಒಂದು ದೊಡ್ಡ ಉಪ್ಪಿನಕಾಯಿ ಭರಣಿಯಲ್ಲಿ ಆರು ಹುಳ ಸಾಕಿದ. ಬಾಯಿಗೆ ತೆಳು ಬಟ್ಟೆ ಕಟ್ಟಿ, ದಿನಾ ಹೊಸ ಎಲೆ ಹಾಕಿ, ಹಿಕ್ಕೆ ತೆಗೆದು. ಆರೂ ನಡುವಿಗೆ ಒಂದು ನೂಲು ಕಟ್ಟಿಕೊಂಡು ಕಡ್ಡಿಗೆ ಒರಗಿ ಕೋಶವಾದವು. ಮೂರು ಒಂದೇ ಬೆಳಗ್ಗೆ ಚಿಟ್ಟೆಯಾಗಿ ಹೊರಬಂದವು. ಇನ್ನೊಂದು ನಾಲ್ಕು ದಿನ ತಡ. ಐದನೆಯದು ಕಪ್ಪಾಗಿ ಹಾಗೇ ಒಣಗಿತು. ಆರನೆಯದರಿಂದ ಒಂದು ಸಣ್ಣ ತೂತು ಬಿದ್ದು, ಇರುವೆಗಿಂತ ಚಿಕ್ಕ ಚಿಕ್ಕ ಕಣಜಗಳು ಸಾಲಾಗಿ ಹೊರಗೆ ಬಂದವು. ಯಾವುದೋ ಕಣಜ ಅದರೊಳಗೆ ಮೊಟ್ಟೆ ಇಟ್ಟಿತ್ತು. ಮಗ ಭರಣಿ ಎತ್ತಿ ನೆಲಕ್ಕೆ ಬಡಿಯಲು ಹೋದ. "ನಾನು ಎಷ್ಟು ಚೆನ್ನಾಗಿ ನೋಡ್ಕೊಂಡಿದ್ದೆ, ಇದ್ಯಾಕೆ ಹಿಂಗಾಯ್ತು?" ಅಂತ ಅತ್ತ. ಏನೋ ಒಂದು ಕಥೆ ಕಟ್ಟಿ ಸಮಾಧಾನ ಮಾಡಬಹುದಿತ್ತು. ಮಾಡಲಿಲ್ಲ. "ಚೆನ್ನಾಗಿ ನೋಡಿಕೊಂಡರೂ ಕೆಲವು ಸಲ ಹೀಗಾಗುತ್ತೆ ಮಗಾ, ನಿನ್ನ ತಪ್ಪೇನಿಲ್ಲ" ಅಂದೆ. ಅವನು ಅತ್ತು ಮುಗಿಸುವವರೆಗೆ ಪಕ್ಕದಲ್ಲಿ ಕೂತೆ. ಆ ಸಣ್ಣ ಕಣಜಗಳೂ ಯಾರದೋ ಮಕ್ಕಳೇ ಅನ್ನುವುದನ್ನು ಎರಡು ದಿನ ಬಿಟ್ಟು ಹೇಳಿದೆ. ಆವತ್ತೇ ಹೇಳಿದ್ದರೆ ಅವನಿಗೆ ಇಳಿಯುತ್ತಿರಲಿಲ್ಲ.

ಆಗ ಅವನು ಒಂದನೇ ಕ್ಲಾಸು. ಓದು ಹಿಂದೆ ಬಿದ್ದಿತ್ತು. ಒತ್ತಕ್ಷರ ಬಂದರೆ ನಿಂತುಬಿಡುತ್ತಿದ್ದ. ಎದುರು ಮನೆಯ ಹುಡುಗ ಅದೇ ಕ್ಲಾಸಿನವನು, ಅಂಗಡಿ ಬೋರ್ಡುಗಳನ್ನೆಲ್ಲ ಓದುತ್ತಿದ್ದ. ನವಿಲು ಕುಣಿಯಿತು ಅಂತ ಕೆಂಬೂತ ಕುಣಿದ ಗಾದೆಯನ್ನು ಹೇಳಿಕೊಂಡು ಸುಮ್ಮನಿರಲು ನೋಡಿದೆ, ಆದರೂ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ನಾಲ್ಕು ದಿನ ತಡವಾಗಿ ಬಂದ ಆ ಚಿಟ್ಟೆ ನನಗೆ ಧೈರ್ಯ ಕೊಟ್ಟಿದ್ದು ನಿಜ. ಆದರೆ ಅಷ್ಟಕ್ಕೇ ನಿಂತಿದ್ದರೆ ದೊಡ್ಡ ತಪ್ಪಾಗುತ್ತಿತ್ತು. ಭರಣಿಯಲ್ಲಿ ತಡವಾದ ಕೋಶವೂ ಸತ್ತ ಕೋಶವೂ ಮೊದಲೆರಡು ದಿನ ಒಂದೇ ಥರ ಕಾಣುತ್ತಿದ್ದವು, ಹತ್ತಿರದಿಂದ ದಿನಾ ನೋಡಿದವರಿಗೆ ಮಾತ್ರ ವ್ಯತ್ಯಾಸ ಗೊತ್ತಾಗುವುದು. ಹಾಗಾಗಿ ಮಗನನ್ನೂ ಹಾಗೇ ನೋಡಲು ಶುರು ಮಾಡಿದೆ. ಅವನು ಭರಣಿಯನ್ನು ಯಾವಾಗಲೂ ಮೂಗಿಗೆ ತಾಗುವಷ್ಟು ಹತ್ತಿರ ಹಿಡಿಯುತ್ತಿದ್ದ. ಮರದ ಮೇಲಿನ ಅಳಿಲು ತೋರಿಸಿದರೆ "ಎಲ್ಲಿ, ಎಲ್ಲಿ" ಅನ್ನುತ್ತಿದ್ದ. ಅಕ್ಕನಿಗೆ ತಕ್ಷಣ ಕಾಣುತ್ತಿತ್ತು. ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ದೂರದ್ದು ಕಾಣುತ್ತಿರಲಿಲ್ಲ, ಬೋರ್ಡು ಅವನಿಗೆ ಮಸುಕು. ಕನ್ನಡಕ ಹಾಕಿಸಿದೆವು. ಓದು ಒಂದೇ ದಿನಕ್ಕೆ ಬರಲಿಲ್ಲ. ಆರು ತಿಂಗಳು ಹಿಡಿಯಿತು. ಆದರೆ ಕನ್ನಡಕ ಹಾಕಿಕೊಂಡು ಮನೆಗೆ ಬಂದ ಸಂಜೆ ಹಿತ್ತಿಲಿಗೆ ಹೋಗಿ ನುಗ್ಗೆ ಮರ ನೋಡಿ, "ಅಮ್ಮಾ, ಎಲೆಗಳು ಬೇರೆ ಬೇರೆ ಇವೆ" ಅಂದ. ಅಲ್ಲಿಯವರೆಗೆ ಅವನಿಗೆ ಮರ ಒಂದು ಹಸಿರು ಮುದ್ದೆ ಆಗಿತ್ತು. ಮಕ್ಕಳು ಹಿಂದೆ ಬಿದ್ದರೆ ದಯವಿಟ್ಟು ಮೊದಲು ಕಣ್ಣು, ಕಿವಿ ತೋರಿಸಿ. ಟ್ಯೂಷನ್ ಆಮೇಲೆ.

ಇವನಿಗೆ ಇನ್ನೊಂದು ಅಭ್ಯಾಸ ಇತ್ತು. ಐದು ವರ್ಷ ದಾಟಿದರೂ ತಾನೇ ಊಟ ಮಾಡುತ್ತಿರಲಿಲ್ಲ. ಅತ್ತೆಯೋ ನಾನೋ ತುತ್ತು ಮಾಡಿ ಬಾಯಿಗಿಡಬೇಕು, ಕೈಯಲ್ಲಿ ಮೊಬೈಲು ಇರಬೇಕು. ಆ ವರ್ಷ ನಿಂಬೆ ಗಿಡದಲ್ಲಿ ಸಿಂಪಿಗ ಹಕ್ಕಿ ಗೂಡು ಮಾಡಿತ್ತು. ಎಲೆಗಳ ಅಂಚಿಗೆ ಕೊಕ್ಕಿನಿಂದ ತೂತು ಹಾಕಿ, ನೂಲು ತೂರಿಸಿ, ಹೊಲಿದು, ಒಳಗೆ ಹತ್ತಿ. ಒಂದು ಕಾಲಕ್ಕೆ ಹತ್ತಿ ಗಿರಣಿಗಳಿಗೆ ಹೆಸರಾಗಿದ್ದ ಊರು ನಮ್ಮದು. ಆದರೆ ಅದು ಹತ್ತಿ ತಂದದ್ದು ನಾವು ಬಿಸಿಲಿಗೆ ಹಾಕಿದ್ದ ಹಳೇ ಹಾಸಿಗೆಯಿಂದ. ಮರಿಗಳು ಹೊರಗೆ ಬಂದ ದಿನ ನಾವೆಲ್ಲ ಅಡುಗೆಮನೆ ಬಾಗಿಲಲ್ಲೇ ನಿಂತು ನೋಡಿದೆವು, ಹತ್ತಿರ ಹೋಗಲಿಲ್ಲ, ಫೋಟೋ ಬೇಡ ಅಂದಿದ್ದೆ. ತಾಯಿ ಹಕ್ಕಿ ಹುಳ ಹಿಡಿದುಕೊಂಡು ಬಂದು ಮರಿಯ ಬಾಯಿಗಿಡದೆ ಎರಡಡಿ ದೂರದ ಕೊಂಬೆಯಲ್ಲಿ ಕೂತು ಕೂಗಿತು. ಮರಿ ಬಾಯಿ ಕಳೆದು ಅಲ್ಲೇ ಅತ್ತಿತು. ತಾಯಿ ಹೋಗಲಿಲ್ಲ. ಕೊನೆಗೆ ಮರಿ ಬಡಬಡ ರೆಕ್ಕೆ ಬಡಿದು ಆ ಕೊಂಬೆಗೆ ಹೋಯಿತು, ಹೋದ ಕೂಡಲೇ ತುತ್ತು ಸಿಕ್ಕಿತು.

ಆ ರಾತ್ರಿ ಮಗನ ತಟ್ಟೆ ಅವನ ಮುಂದಿಟ್ಟು ನಾನು ಎದುರಿಗೆ ನನ್ನ ತಟ್ಟೆ ಹಾಕಿಕೊಂಡು ಕೂತೆ. ಮೊಬೈಲು ಬೀರುವಿನಲ್ಲಿತ್ತು. ಅವನು ಗಲಾಟೆ ಮಾಡಿದ. ಅತ್ತೆ ಎದ್ದು ಬಂದರು. "ಮಗ ಹಸ್ಕೊಂಡು ಮಲಗ್ತೈತಲ್ಲವ್ವ, ನಾಕು ತುತ್ತು ಹಾಕಿದ್ರೆ ನಿನ್ನ ಗಂಟು ಹೋಗ್ತೈತಾ?" ನಾನು ಜಗಳ ಆಡಲಿಲ್ಲ. "ಅತ್ತೆ, ಬೆಳಗ್ಗೆ ಹಕ್ಕಿ ನೋಡಿದ್ರಲ್ಲ" ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ತಮ್ಮ ತಟ್ಟೆಯನ್ನೂ ತಂದು ಅಲ್ಲೇ ಕೂತರು. ಮೊದಲ ದಿನ ಅವನು ಎರಡೇ ತುತ್ತು ತಿಂದ, ಅರ್ಧ ಅನ್ನ ನೆಲದ ಮೇಲೆ. ಹತ್ತು ದಿನದಲ್ಲಿ ಸರಿಹೋಯಿತು. ಜ್ವರ ಬಂದಾಗ ಈಗಲೂ ನಾನು ತುತ್ತು ಮಾಡಿ ಕೊಡುತ್ತೇನೆ. ಅದನ್ನು ಬಿಡುವ ಮನಸ್ಸು ನನಗಿಲ್ಲ.

ಒಂದು ಮಾತು ಹೇಳಲೇಬೇಕು. ಹಿತ್ತಿಲಲ್ಲಿ ಕಂಡದ್ದನ್ನೆಲ್ಲ ಮಕ್ಕಳಿಗೆ ತಂದು ಅಂಟಿಸಬಾರದು. ಓತಿಕ್ಯಾತ ನೆಲದಲ್ಲಿ ಗುಂಡಿ ತೋಡಿ ಹತ್ತಿಪ್ಪತ್ತು ಮೊಟ್ಟೆ ಇಟ್ಟು, ಮಣ್ಣು ಮುಚ್ಚಿ ಹೋದರೆ ಮತ್ತೆ ತಿರುಗಿ ನೋಡುವುದಿಲ್ಲ. ಗೂಡಿನಲ್ಲಿ ಸಣಕಲು ಮರಿ ಇದ್ದರೆ ಎಷ್ಟೋ ಹಕ್ಕಿಗಳು ಬಲವಾದದ್ದಕ್ಕೇ ಮೊದಲು ತಿನ್ನಿಸುತ್ತವೆ, ಸಣಕಲು ಸಾಯುತ್ತದೆ. ನಮ್ಮ ಮನೆಯಲ್ಲಿ ಕನ್ನಡಕದ ಹುಡುಗನಿಗೆ ಮೊದಲು ತುತ್ತು. "ಪ್ರಕೃತಿಯಲ್ಲಿ ಹೀಗೇ" ಅಂತ ಹೇಳಿ ಮಕ್ಕಳನ್ನು ಗಟ್ಟಿ ಮಾಡುತ್ತೇವೆ ಅಂತ ಹೊಡೆಯುವವರನ್ನು, ಬಿಸಿಲಲ್ಲಿ ನಿಲ್ಲಿಸುವವರನ್ನು ನಾನು ನೋಡಿದ್ದೇನೆ. ನನಗೆ ಅದು ಒಪ್ಪಿಗೆಯಿಲ್ಲ. ಹಕ್ಕಿಯಿಂದ ನಾನು ತೆಗೆದುಕೊಂಡದ್ದು ನೋಡುವ ಅಭ್ಯಾಸ ಒಂದೇ. ಮಗು ಈಗ ಯಾವ ಹಂತದಲ್ಲಿದೆ, ಅದು ಬಿದ್ದಿದೆಯೋ ಹೊರಟಿದೆಯೋ, ನಾನು ಎತ್ತಬೇಕೋ ದೂರ ನಿಲ್ಲಬೇಕೋ, ಅಷ್ಟನ್ನು ನೋಡಿ ತಿಳಿಯುವುದು.

ಇಂಥ ಹಿತ್ತಿಲು ಬೇಕು ಅನ್ನುವವರಿಗೆ ನಾವು ಮಾಡಿದ್ದನ್ನು ಹೇಳುತ್ತೇನೆ. ಔಷಧಿ ಹೊಡೆಯುವುದನ್ನು ಪೂರ್ತಿ ನಿಲ್ಲಿಸಿದೆವು. ಮೊದಲ ವರ್ಷ ದಾಸವಾಳಕ್ಕೆ ಬಿಳಿ ಹಿಟ್ಟಿನಂಥ ಹುಳ ಮೆತ್ತಿಕೊಂಡು ನೋಡಲಾಗದ ಹಾಗಾಯಿತು, ಪೈಪಿನ ನೀರಿನಿಂದ ತೊಳೆದುಕೊಂಡೇ ತಡೆ ಹಿಡಿದೆ. ಬೇಸಿಗೆಯಲ್ಲಿ ಅಗಲವಾದ, ಆಳವಿಲ್ಲದ ಮಣ್ಣಿನ ತಟ್ಟೆಯಲ್ಲಿ ನೀರಿಡುತ್ತೇವೆ, ಜೇನುನೊಣ ಮುಳುಗದಂತೆ ಒಳಗೆ ನಾಲ್ಕು ಕಲ್ಲು. ಒಂದು ದಿನ ಬಿಟ್ಟು ಒಂದು ದಿನ ತಟ್ಟೆ ಉಜ್ಜಿ ತೊಳೆದು ನೀರು ಬದಲಿಸಬೇಕು. ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ವಾರ ಹತ್ತು ದಿನ ಬೇಕು, ಹಾಗಾಗಿ ಇಷ್ಟು ಮಾಡಿದರೆ ಸೊಳ್ಳೆಯ ಭಯವಿಲ್ಲ. ತೊಳೆಯುವ ಕೆಲಸ ಮಗನದು. ಉದುರಿದ ಎಲೆಯನ್ನು ಸುಡುವುದಿಲ್ಲ, ಬಾಗಿಲಿನಿಂದ ದೂರದ ಮೂಲೆಯಲ್ಲಿ ಗುಡ್ಡೆ ಹಾಕುತ್ತೇವೆ. ಇದಕ್ಕೆ ಪಕ್ಕದವರ ತಕರಾರು ಬಂತು, ಹಾವು ಬರುತ್ತದೆ ಅಂತ. ಒಂದು ಸಲ ಕೇರೆಹಾವು ಬಂದದ್ದೂ ಹೌದು, ಅದಕ್ಕೆ ವಿಷವಿಲ್ಲ, ಇಲಿ ಹುಡುಕಿಕೊಂಡು ಬಂದು ಹೋಯಿತು. ಆದರೂ ಪಕ್ಕದವರ ಭಯವೂ ಸುಳ್ಳಲ್ಲ, ಗುಡ್ಡೆಯನ್ನು ಅವರ ಕಾಂಪೌಂಡಿನಿಂದ ಈಚೆಗೆ ಸರಿಸಿದೆವು. ಎಕ್ಕದ ಗಿಡ ಕೀಳಲಿಲ್ಲ. ಅದರ ಎಲೆ ತಿಂದು ಬೆಳೆಯುವ ಹುಳದಿಂದ ಕಿತ್ತಳೆ ಬಣ್ಣದ ದೊಡ್ಡ ಚಿಟ್ಟೆ ಆಗುತ್ತದೆ. ಎಕ್ಕದ ಹಾಲು ಕಣ್ಣಿಗೆ ತಾಗಬಾರದು, ಇದನ್ನು ಮಕ್ಕಳಿಗೆ ಮೊದಲೇ ಹೇಳಿಡಿ.

ಈ ಸಲದ ಮಡಕೆ ಮಗಳು ಓದುವ ಮೇಜಿನ ಮೇಲಿನ ಕಿಟಕಿಗೆ ಕಟ್ಟಿತ್ತು. ಏಪ್ರಿಲ್ ಕೊನೆಯಿಂದ ಅವಳು ಆ ಕಿಟಕಿಯ ಬಾಗಿಲು ಮುಚ್ಚಲು ಯಾರಿಗೂ ಬಿಡಲಿಲ್ಲ. ಮಳೆಯ ಎರಚಲು ಬಂದು ಪುಸ್ತಕ ಒದ್ದೆಯಾದರೂ ಬಿಡಲಿಲ್ಲ. ಲೆಕ್ಕದ ಪುಸ್ತಕದಲ್ಲಿ ದಿನಾ ಬೆಳಗ್ಗೆ ತಾರೀಖು ಹಾಕಿ "ಮುಚ್ಚಿದೆ" ಅಂತ ಬರೆಯುತ್ತಿದ್ದಳು. ಹೋದ ವಾರ ನಾವು ಒಂದು ಮದುವೆಗೆ ಚಿತ್ರದುರ್ಗಕ್ಕೆ ಹೋಗಿ ರಾತ್ರಿ ಅಲ್ಲೇ ಉಳಿದು ಬಂದೆವು. ಬಂದವಳೇ ಕಿಟಕಿಗೆ ಓಡಿದಳು. ಮಡಕೆಯ ಪಕ್ಕದಲ್ಲಿ ದುಂಡನೆಯ ತೂತು. ಒಳಗೆ ಏನೂ ಇರಲಿಲ್ಲ.

ಅಳುತ್ತಾಳೇನೋ ಅಂದುಕೊಂಡು ನಾನು ಬಾಗಿಲಲ್ಲಿ ನಿಂತೆ, ಒಳಗೆ ಹೋಗಲಿಲ್ಲ. ಅವಳು ಅಳಲಿಲ್ಲ. ಪುಸ್ತಕ ತೆಗೆದು ಎರಡು ತಾರೀಖು ಬರೆದು, ಎರಡರ ಮುಂದೆಯೂ ಪ್ರಶ್ನೆ ಗುರುತು ಹಾಕಿದಳು. ಆಮೇಲೆ ತಿರುಗಿ, "ಅಮ್ಮಾ, ಈ ಭಾನುವಾರ ಅಂಗಡಿಗೆ ನಾನೊಬ್ಬಳೇ ಸೈಕಲ್ಲಲ್ಲಿ ಹೋಗ್ಲಾ?" ಅಂತ ಕೇಳಿದಳು. ನಾನು ಹತ್ತರವರೆಗೆ ಎಣಿಸಿದೆ. ಮೇನ್ ರೋಡ್ ಬೇಡ, ಒಳಗಿನ ರಸ್ತೆಯಲ್ಲಿ ಹೋಗು, ತಲುಪಿದ ಕೂಡಲೇ ಅಪ್ಪನ ಫೋನಿನಿಂದ ಒಂದು ಮಿಸ್ಡ್ ಕಾಲ್ ಕೊಡು ಅಂದೆ.